ತುಟಿಯಿಂದ ತೋರಿಸಿದ್ದು

ಒಂಬತ್ತನೆಯ ಮಗುವಿನ ಹೆಸರಿನ ಮುಂದೆಯೂ 'ಆಟಿಸಂ ಶಂಕೆ' ಎಂದು ಬರೆದ ಲುದಿವಿನಾ ಪೆನ್ನು ಕೆಳಗಿಟ್ಟಳು. ಗಿಮರಾಸ್ ದ್ವೀಪದ ಆ ಪುಟ್ಟ ಆರೋಗ್ಯ ಕೇಂದ್ರಕ್ಕೆ ಬೆಳಗಿನಿಂದ ಬಂದದ್ದು ಒಂಬತ್ತೇ ಮಕ್ಕಳು. ಒಂಬತ್ತೂ ಹಾಗೇ ಇರಲು ಸಾಧ್ಯವೇ?

ಹೊರದೇಶದ ಪ್ರಶ್ನಾವಳಿಯನ್ನು ಊರ ಮಾತಿಗೆ ತಂದವಳು ಅವಳೇ. ನಾಲ್ಕು ಗಂಟೆಗೆ ಮನಿಲಾದ ಮುಖ್ಯ ಕಚೇರಿಯಿಂದ ಫೋನ್ ಬರಲಿತ್ತು. ತಪ್ಪು ಎಲ್ಲಿದೆಯೆಂದು ಅಷ್ಟರೊಳಗೆ ಗೊತ್ತಾಗದಿದ್ದರೆ ಇಲ್ಲಿನ ಕೆಲಸ ನಿಲ್ಲುತ್ತದೆ. ಈ ಕೆಲಸಕ್ಕೆಂದೇ ಬಂದಿರುವ ಡಾಕ್ಟರ್ ಎಫ್ರೆನ್ ಸೋಮವಾರದ ದೋಣಿ ಹತ್ತಿ ಹೊರಟುಹೋಗುತ್ತಾನೆ. ಕೆಲಸ ನಿಂತರೆ ಮಕ್ಕಳಿಗೆ ನಷ್ಟ ಎಂದು ಅವಳು ಎಲ್ಲರ ಹತ್ತಿರ ಹೇಳಿದ್ದಳು. ದೋಣಿಯ ವಿಷಯ ಯಾರಿಗೂ ಹೇಳಿರಲಿಲ್ಲ.

ಎಫ್ರೆನ್ ಎದುರು ಕೂತು ಮಾವಿನಕಾಯಿಗೆ ಸಿಗಡಿ ಗೊಜ್ಜು ಹಚ್ಚುತ್ತಿದ್ದ. ಹುಳಿಗೆ ಅವಳ ಒಂದು ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಲೆಂದೇ ಒಂದು ಹೋಳನ್ನು ಅವಳತ್ತ ಸರಿಸಿದ.

"ನನ್ನ ಅನುವಾದ ಸರಿ ಇಲ್ವಾ ಡಾಕ್?"

"ಅಕ್ಷರಕ್ಕೆ ಅಕ್ಷರ ಸರಿ ಇದೆ, ಮ್ಯಾಮ್ ಲುದಿ. ಅದೇ ನಂಗೆ ಭಯ."

ಮೊದಲ ಮಗುವಿನ ಫಾರಂ ಎಲ್ಲಿ ಎಂದು ಅವಳು ಕೇಳಿದಳು. ಅವನ ಎರಡೂ ಕೈ ಗೊಜ್ಜಾಗಿತ್ತು. ಅವನು ತುಟಿ ಮುಂದೆ ಮಾಡಿದ, ನೇರ ಅವಳ ಕಡೆಗೆ.

ಅದು ಮುತ್ತೆಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಹುಬ್ಬೇರಿಸಿ ಅವನು ಇನ್ನೊಮ್ಮೆ ಮಾಡಿದ. ಆಮೇಲಷ್ಟೇ ಅವಳು ಹಿಂದೆ ತಿರುಗಿದ್ದು. ಫಾರಂ ಅವಳ ಬೆನ್ನ ಹಿಂದಿನ ಬೀರುವಿನ ಮೇಲಿತ್ತು.

ಅವಳ ಕಿವಿಯೆಲ್ಲ ಬಿಸಿಯಾಯಿತು. ಮರುಕ್ಷಣ ದಡಕ್ಕನೆ ಎದ್ದು ನಿಂತಳು.

"ಈಗ ಏನ್ ಮಾಡಿದ್ರಿ?"

"ಫಾರಂ ತೋರಿಸ್ದೆ."

"ಯಾವುದ್ರಿಂದ?"

ಎಫ್ರೆನ್ ತನ್ನ ತುಟಿ ಮುಟ್ಟಿಕೊಂಡು ಪ್ರಶ್ನಾವಳಿಯತ್ತ ನೋಡಿದ. 'ಮಗು ಬೆರಳಿನಿಂದ ತೋರಿಸುತ್ತದೆಯೇ?' ಹೀಗೆ ಬೆರಳಿನದೇ ಮೂರು ಪ್ರಶ್ನೆ, ಒಂಬತ್ತೂ ತಾಯಂದಿರ ಉತ್ತರ 'ಇಲ್ಲ'; ಮೂರು 'ಇಲ್ಲ' ಬಂದರೆ ಶಂಕೆ. ತುಟಿಯಿಂದ ತೋರಿಸುವ ನಾಡಿನಲ್ಲೇ ಹುಟ್ಟಿ ಬೆಳೆದ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ಜೀಪಿಗಾಗಿ ತಾಯಂದಿರು ಇನ್ನೂ ಜಗಲಿಯಲ್ಲೇ ಕಾಯುತ್ತಿದ್ದರು. ಇಬ್ಬರೂ ಓಡಿದರು. ಬೆಕ್ಕೆಲ್ಲಿ ಎಂದು ಕೇಳಿದ್ದಕ್ಕೆ ತೆರೆಸಿಂಗ್ ಎಂಬ ತಾಯಿಯ ಎರಡು ವರ್ಷದ ಮಗಳು ಮೂತಿಯನ್ನು ಮಾಡಿನ ಕಡೆ ಚಾಚಿದಳು. ಹಾಗಾದರೆ ಬೆರಳಿನಿಂದ ಯಾಕೆ ತೋರಿಸಲ್ಲ, ಎಂದು ಕೇಳಿದಳು ಲುದಿವಿನಾ.

"ಬೆರಳು ಮಾಡೋದು ಜಗಳ ಆಡೋರು," ಎಂದಳು ತೆರೆಸಿಂಗ್. "ನನ್ನ ಮಗಳನ್ನ ಅಷ್ಟು ಕೆಟ್ಟದಾಗಿ ಬೆಳೆಸಿಲ್ಲಮ್ಮ."

ಪ್ರಶ್ನೆ ತಿದ್ದಿ ಒಬ್ಬೊಬ್ಬರನ್ನೇ ಮತ್ತೆ ಕೇಳಿದರು. ಏಳು ಮಕ್ಕಳ ಮೇಲಿನ ಶಂಕೆ ಹೋಯಿತು. ಇಬ್ಬರದು ಉಳಿಯಿತು, ಬೆರಳಿನಿಂದಾಗಲಿ ತುಟಿಯಿಂದಾಗಲಿ ಯಾರಿಗೂ ಏನನ್ನೂ ತೋರಿಸದ ಇಬ್ಬರು. ಹುಡುಕಬೇಕಾದ್ದು ಅವರನ್ನೇ.

ಎಫ್ರೆನ್ ಫೋನಿನಲ್ಲಿ ಏದುಸಿರು ಬಿಡುತ್ತ ಎಲ್ಲವನ್ನೂ ವಿವರಿಸಿದ. ಮನಿಲಾದವರು ಆರು ತಿಂಗಳು ಕೊಟ್ಟರು. ಫೋನ್ ಇಟ್ಟು, ಗೆದ್ದವನಂತೆ ಅವಳಿಗೆ ಅದನ್ನು ಹೇಳಿದ.

"ಆರು ತಿಂಗಳು ಸಾಲಲ್ಲ," ಎಂದಳು ಲುದಿವಿನಾ.

"ಪ್ರಶ್ನೆಗಳಿಗಾ?"

ಹೌದು ಎನ್ನಬಹುದಿತ್ತು. "ಪ್ರಶ್ನೆ ಮುಗಿಯತ್ತೆ. ನಂಗೆ ಸಾಲಲ್ಲ, ಎಫ್ರೆನ್."

ಅವನು ಎದುರಿನ ಕುರ್ಚಿ ಬಿಟ್ಟು ಅವಳ ಪಕ್ಕದ ಬೆಂಚಿನಲ್ಲಿ ಬಂದು ಕೂತ.

"ಹಾಗಾದ್ರೆ ಎಷ್ಟು ಬೇಕು, ಹೇಳು," ಎಂದ. ಇಷ್ಟು ದಿನದಲ್ಲಿ ಅವನು 'ಹೇಳಿ' ಬಿಟ್ಟು 'ಹೇಳು' ಅಂದದ್ದು ಅದೇ ಮೊದಲು.