ಬೋಣಿಯ ಬೆಣ್ಣೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗಕ್ಕೆ ಒಗ್ಗಿಕೊಳ್ಳುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ತುಂಬ ಹಸುಗಳು, ಹಸುಗಳ ಕೊರಳಲ್ಲಿ ಗಂಟೆಗಳು, ಎಲ್ಲದರ ಮೇಲೂ ಮಂಜು. ಅಂತಿಂಥ ಮಂಜಲ್ಲ. ಊರ ಬೀದಿಯಲ್ಲಿ ಅಷ್ಟಿಷ್ಟು ಕಂಡರೂ, ಬೆಟ್ಟದಲ್ಲಿ ಕೈ ಚಾಚಿದರೆ ತನ್ನ ಬೆರಳು ತನಗೇ ಕಾಣದು. ಮೇಯಲು ಹೋದ ಹಸುವನ್ನು ಕಣ್ಣಿನಿಂದ ಹುಡುಕುವ ಮಾತೇ ಇರಲಿಲ್ಲ, ಕಿವಿಯಿಂದ ಹುಡುಕಬೇಕಿತ್ತು.

ರಾಜ್ಯಕ್ಕೆಲ್ಲ ಗಂಟೆ ಎರೆದುಕೊಡುವವನು ಹಂಪಯ್ಯ. ಅವನ ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವನ ಅಂಗಡಿಯಲ್ಲಿ ಕೇತ ಎಂಬ ಯುವಕ ಕೆಲಸಕ್ಕಿದ್ದ. ಕೆಲಸ ಬೇಗ ಮುಗಿಯಲೆಂದು ಹಂಪಯ್ಯ ಎಲ್ಲ ಗಂಟೆಗಳನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತಿದ್ದ. ಹಾಗಾಗಿ ಎಲ್ಲದಕ್ಕೂ ಒಂದೇ ದನಿ. ಒಂದು ದಿನ ಕೇತ ಧೈರ್ಯ ಮಾಡಿ, ಗಂಟೆಯ ಅಂಚನ್ನು ಅರದಿಂದ ಅಷ್ಟಿಷ್ಟು ಉಜ್ಜಿದರೆ ಒಂದೊಂದಕ್ಕೂ ಬೇರೆ ದನಿ ಬರುತ್ತದೆ, ದನದವರಿಗೆ ಗುರುತು ಸಿಗುತ್ತದೆ ಎಂದು ಹೇಳಿದ. ಹಂಪಯ್ಯ ಗಿರಾಕಿಗಳಿಗೆಲ್ಲ ಕೇಳುವಂತೆ ನಕ್ಕ.

“ಏನಪ್ಪಾ ಪಂಡಿತ, ಹಸುಗಳಿಗೆ ಸಂಗೀತ ಕಲಿಸೋಕೆ ಹೊರಟ್ಯಾ? ಮೊದಲು ಇದ್ದಿಲು ಹಾಕು.”

ಕೇತನ ಕಿವಿ ಕೆಂಪಾಯಿತು. ತನ್ನ ಅರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೊರಟುಬಿಟ್ಟ.

ಹೊಸ ಅಂಗಡಿ ಬೇಕೆಂದವರು ಆ ರಾಜ್ಯದಲ್ಲಿ ಧೂಮಕಾಂತನೆಂಬ ಮಾಂತ್ರಿಕನ ಆಲದ ಮರಕ್ಕೆ ಹೋಗಬೇಕಿತ್ತು. ಹಂಪಯ್ಯನಂಥವರ ಹಳೆಯ ಅಂಗಡಿಗಳು ಅವನು ಬರುವ ಮೊದಲಿನವು. ಮರದ ಬುಡದಲ್ಲಿ ಒಂದು ಕರಡಿ ಸ್ಟೂಲಿನ ಮೇಲೆ ಕೂತಿರುತ್ತಿತ್ತು. ಬಂದವರನ್ನು ಅದು ‘ಯಾಕೆ?’ ಎಂದು ಕೇಳುತ್ತಿತ್ತು. ಉತ್ತರ ಎಂಥದೋ ಅಂಥ ಅಂಗಡಿ ನೆಲದಿಂದ ಎದ್ದು ಬರುತ್ತಿತ್ತು. ಅಂಗಡಿಯಲ್ಲಿ ಒಂದು ದೀಪ. ಅದಕ್ಕೆ ಎಣ್ಣೆ ಬೇಡ, ಬೆಂಕಿ ಬೇಡ. ಬೋಣಿಯಾಗಿ ಬಂದದ್ದು ಏನೇ ಇರಲಿ, ಅದನ್ನು ಮುಟ್ಟಿಸಿದರೆ ತಾನೇ ಹೊತ್ತಿಕೊಳ್ಳುವ ದೀಪ ಅದು. ಸೂರ್ಯ ಮುಳುಗುವುದರೊಳಗೆ ಹೊತ್ತಿದರೆ ಅಂಗಡಿ ಅವನದು, ಇಲ್ಲವಾದರೆ ಅಂಗಡಿಯೇ ಮಾಯ. ಮೂರು ಸಲ ಸೋತವನು ಸದ್ದಿಲ್ಲದ ಕಂಚಿನ ಗಂಟೆಯಾಗಿ ಆ ಮರಕ್ಕೆ ನೇತುಬೀಳುತ್ತಿದ್ದ. ಹೊತ್ತದ ದೀಪಗಳ ಹೊಗೆಯೇ ರಾಜ್ಯವನ್ನು ಮುಚ್ಚಿದ ಮಂಜು. ಆ ಮಂಜೇ ಧೂಮಕಾಂತನ ಬಲ. ಒಂದೇ ಒಂದು ದೀಪ ಹೊತ್ತಿದರೂ ಅವನ ಮಾಯೆ ಮುರಿಯುತ್ತಿತ್ತು, ಆದರೆ ಇದುವರೆಗೆ ಒಂದೂ ಹೊತ್ತಿರಲಿಲ್ಲ. ಆದರೂ ಜನ ಬರುತ್ತಲೇ ಇದ್ದರು. ಸೋತವರು ದಡ್ಡರು, ನಾನು ಬೇರೆ ಎಂದು ಪ್ರತಿಯೊಬ್ಬನೂ ಅಂದುಕೊಳ್ಳುತ್ತಿದ್ದ.

ಕೇತನೂ ಹಾಗೆಯೇ ಅಂದುಕೊಂಡು ಬಂದ.

“ಯಾಕೆ?” ಎಂದಿತು ಕರಡಿ.

“ಹಂಪಯ್ಯನಿಗೆ ಬುದ್ಧಿ ಕಲಿಸಬೇಕು. ಅದಕ್ಕೆ.”

ಹಂಪಯ್ಯನ ಅಂಗಡಿಯ ನೇರ ಎದುರಿಗೆ, ಅದಕ್ಕಿಂತ ಒಂದು ಮೊಳ ಎತ್ತರವಾಗಿ, ಹೊಸ ಅಂಗಡಿ ಎದ್ದು ನಿಂತಿತು. ಕೇತ ಒಳಗೆ ಕೂತದ್ದೇ ತಡ, ಅವನ ಕುತ್ತಿಗೆ ಹಂಪಯ್ಯನ ಕಡೆಗೆ ತಿರುಗಿ ಹಾಗೇ ನಿಂತುಬಿಟ್ಟಿತು. ಎಡಗಡೆಯಿಂದ ಒಬ್ಬ ಗಿರಾಕಿ ಬಂದು ಗಂಟೆಯ ಬೆಲೆ ಕೇಳಿದ. ಕೇತ, ಎದುರು ಅಂಗಡಿಗೆ ಆಗಿನಿಂದ ಎಷ್ಟು ಜನ ಹೊಕ್ಕರೆಂದು ಉತ್ತರ ಕೊಟ್ಟ. ಬಲಗಡೆಯಿಂದ ಬಂದವಳು ಎಮ್ಮೆಗೆ ದೊಡ್ಡ ಗಂಟೆ ಇದೆಯೇ ಎಂದಳು. ಹಂಪಯ್ಯ ಮೀಸೆಗೆ ಬಣ್ಣ ಹಚ್ಚಿಕೊಂಡಿದ್ದಾನೆ ಎಂದ ಕೇತ. ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದುರು ಅಂಗಡಿಗೇ ಹೋದರು. ಸೂರ್ಯ ಮುಳುಗಿದ. ಅಂಗಡಿ ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಯಿತು.

ಕೇತ ಕುತ್ತಿಗೆ ತಿಕ್ಕಿಕೊಳ್ಳುತ್ತ ಮತ್ತೆ ಮರದ ಬುಡಕ್ಕೆ ಬಂದ.

“ಯಾಕೆ?”

“ನನ್ನ ಮೇಲೆ ಇನ್ಯಾರೂ ಇರಬಾರದು. ನನಗೆ ನಾನೇ ಧಣಿ ಆಗಬೇಕು.”

ಕರಡಿ ಬಾಯಿ ಮುಚ್ಚಿಕೊಂಡು ನಕ್ಕಿತು. ಈ ಸಲ ಎದ್ದ ಅಂಗಡಿಯಲ್ಲಿ ಮಖಮಲ್ಲಿನ ಗಾದಿ, ಒರಗುದಿಂಬು, ತಾನೇ ಬೀಸುವ ಬೀಸಣಿಗೆ. ಕೇತ ಕಾಲು ಚಾಚಿ ಕೂತು, ಇದಲ್ಲವೇ ಬದುಕು ಎಂದುಕೊಂಡ. ಮೊದಲ ಗಿರಾಕಿ ಬಂದ. ಅವನ ಮುಖದ ಮೇಲೆ ಹಂಪಯ್ಯನ ಮೀಸೆ. ಎರಡನೆಯವಳು ಒಬ್ಬ ಅಜ್ಜಿ. ಅವಳಿಗೂ ಅದೇ ಮೀಸೆ. ಆಮೇಲೆ ಬಂದವರಿಗೆಲ್ಲ ಮೀಸೆಯೂ ಅದೇ, ದನಿಯೂ ಅದೇ. ಇದನ್ನು ತಿದ್ದಿಕೊಡು, ಅದು ಬೆಳಿಗ್ಗೆಯೇ ಬೇಕು, ಹಿಡಿ ಸರಿಯಿಲ್ಲ ಎಂದು ಒಬ್ಬೊಬ್ಬರೂ ಅಪ್ಪಣೆ ಮಾಡಿದರು. ಕೇತ ಒಬ್ಬೊಬ್ಬರನ್ನೂ ಹೊರಗೆ ಹೋಗೆಂದು ಗದರಿದ. ಗದರಿದಷ್ಟೂ ಗಾದಿ ಅವನನ್ನು ಒಳಗೆಳೆದುಕೊಂಡಿತು. ಸಂಜೆಯ ಹೊತ್ತಿಗೆ ಮೂಗು ಮಾತ್ರ ಹೊರಗಿತ್ತು.

ಅಂಗಡಿ ಪುಡಿಯಾದ ಮೇಲೆ ಕರಡಿಯೇ ಅವನನ್ನು ಜುಟ್ಟು ಹಿಡಿದು ಎತ್ತಿತು.

“ಒಬ್ಬ ಧಣಿ ಬೇಡ ಅಂತ ಬಂದೆ, ಊರಿಗೂರೇ ಧಣಿ ಆಯ್ತು. ಮೇಲೆ ನೋಡು ಮಗನೇ.”

ಕೇತ ಮೇಲೆ ನೋಡಿದ. ಕೊಂಬೆಕೊಂಬೆಗೂ ಕಂಚಿನ ಗಂಟೆಗಳು. ಕರಡಿ ಒಂದೊಂದನ್ನೇ ತೋರಿಸಿ ಪರಿಚಯ ಮಾಡಿಕೊಟ್ಟಿತು. ಇವನು ಮಾವನ ಮನೆಯವರ ಮುಂದೆ ಜಂಬ ಹೊಡೆಯಲು ಮುತ್ತಿನ ಅಂಗಡಿ ಇಟ್ಟವನು, ಮುತ್ತೆಂದರೆ ಏನೆಂದೇ ಗೊತ್ತಿರಲಿಲ್ಲ. ಅಲ್ಲಿ ಸಾಲಾಗಿ ಇರುವ ನಾಲ್ವರು ಛತ್ರಿಯವರು, ಒಬ್ಬ ಅಂಗಡಿ ಇಟ್ಟನೆಂದು ಇನ್ನೊಬ್ಬನೂ ಇಟ್ಟವರು. ಕೇತ, ಹಾಗಾದರೆ ನೀನು ಯಾರು ಎಂದು ಕೇಳಿದ. ತಾನೂ ಮನುಷ್ಯನೇ, ಹೆಸರು ಬಸವಂತ, ಮಾಂತ್ರಿಕನ ಹತ್ತಿರ ಮೊದಲು ಬಂದವನೇ ತಾನು ಎಂದಿತು ಕರಡಿ. ಜೇನು ತಿನ್ನುವುದು ಬಹಳ ಇಷ್ಟವೆಂದು ಜೇನಿನ ಅಂಗಡಿ ಕೇಳಿದ್ದನಂತೆ. ಗಿರಾಕಿ ಬರುವ ಹೊತ್ತಿಗೆ ಮೂರು ಸಲವೂ ಗಡಿಗೆ ನೆಕ್ಕಿ ಮುಗಿಸಿದ್ದನಂತೆ. ಮರ ಕಾಯಲು ಒಬ್ಬ ಬೇಕೆಂದು ಮಾಂತ್ರಿಕ ಅವನನ್ನು ಗಂಟೆಯ ಬದಲು ಕರಡಿ ಮಾಡಿ ಕೂರಿಸಿದನಂತೆ.

“ನಿನಗೆ ಉಳಿದಿರೋದು ಒಂದೇ ಸಲ. ಬರಬೇಡ,” ಎಂದಿತು ಕರಡಿ.

ಕೇತನಿಗೆ ಅದು ಸರಿಯೆನಿಸಿತು. ಇನ್ನು ಆ ಮರದ ನೆರಳಿಗೂ ಬರುವುದಿಲ್ಲವೆಂದು ತೀರ್ಮಾನಿಸಿ, ಬೆಳಿಗ್ಗೆ ಬೇರೆ ಊರಿನ ದಾರಿ ಹಿಡಿದ. ಮಂಜಿನಲ್ಲಿ ನಡೆಯುತ್ತಿದ್ದವನು ದಾರಿಯ ನಡುವೆ ಕೂತಿದ್ದ ಹೆಂಗಸೊಬ್ಬಳನ್ನು ಎಡವಿದ. ಅವಳು ಬಾಳವ್ವ. ಅವಳ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಹಸಿದ ಹಸು ಕೌಲಿ.

ಎದುರಿಗೇ ಹುಲ್ಲಿದೆ, ಮೇಯಲು ಯಾಕೆ ಬಿಟ್ಟಿಲ್ಲ ಎಂದು ಕೇತ ಕೇಳಿದ. ಬಾಳವ್ವ ಸಿಡುಕಿದಳು.

“ಬಿಟ್ಟರೆ ಹುಡುಕಿಕೊಡೋಕೆ ನೀ ಬರ್ತೀಯಾ? ನಿನ್ನೆ ಗಂಟೆ ಸದ್ದು ಹಿಡಿದು ಹೋದೆ, ಪಕ್ಕದೂರಿನ ಹೋರಿ. ಮತ್ತೆ ಹೋದೆ, ಪೂಜಾರಪ್ಪನ ಎಮ್ಮೆ. ಎಲ್ಲಾ ಗಂಟೆ ಒಂದೇ ಥರ ಒದರಿದರೆ ನನ್ನ ಹಸು ಯಾವುದು ಅಂತ ಹೇಗೆ ತಿಳೀಬೇಕು?”

ಕೌಲಿಯ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಕೇತ ಹಸುವಿನ ಕೊರಳ ಗಂಟೆ ಬಿಚ್ಚಿ, ಅಲ್ಲೇ ಕಲ್ಲಿನ ಮೇಲೆ ಕೂತು, ಅಂಚನ್ನು ಉಜ್ಜಿದ. ಬಡಿದು ನೋಡಿದ, ಸರಿಯಿಲ್ಲ. ಮತ್ತೆ ಉಜ್ಜಿದ, ಮತ್ತೆ ಬಡಿದ. ಕುತ್ತಿಗೆ ಅತ್ತಿತ್ತ ತಿರುಗುತ್ತಿತ್ತು, ಹಂಪಯ್ಯನ ನೆನಪು ಬರಲಿಲ್ಲ. ಕೂತ ಕಲ್ಲು ಚುಚ್ಚುತ್ತಿತ್ತು, ಅದೂ ಗೊತ್ತಾಗಲಿಲ್ಲ. ಕೊನೆಗೆ ಗಂಟೆಯಿಂದ ಒಂದು ತೆಳ್ಳನೆಯ, ಮಿದುವಾದ ದನಿ ಬಂತು, ನೀರಿನ ಹನಿ ತಾಮ್ರದ ಕೊಡಕ್ಕೆ ಬಿದ್ದಂತೆ.

ಕೌಲಿಯನ್ನು ಬಿಟ್ಟರು. ಅವಳು ಮಂಜಿನೊಳಗೆ ಕರಗಿಹೋದಳು. ಬೆಟ್ಟದ ತುಂಬ ನೂರಾರು ಗಂಟೆಗಳ ಒಂದೇ ಗದ್ದಲ. ಅದರ ನಡುವೆ, ಆಗೊಮ್ಮೆ ಈಗೊಮ್ಮೆ, ಆ ಹನಿಯ ಸದ್ದು. ಬಾಳವ್ವ ಕಣ್ಣು ಮುಚ್ಚಿ ಅದರ ಹಿಂದೆ ನೇರ ನಡೆದು ಹೋಗಿ ಹಸುವಿನ ಬೆನ್ನು ಮುಟ್ಟಿದಳು. ಮುಟ್ಟಿದವಳು ನಗಲಿಲ್ಲ, ಹಸುವಿನ ಬೆನ್ನಿಗೆ ಮುಖವಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಎಲೆಯಲ್ಲಿ ಕಟ್ಟಿದ್ದ ಬೆಣ್ಣೆಯ ಉಂಡೆಯನ್ನು ಕೇತನ ಕೈಗಿಟ್ಟಳು.

“ಪುಕ್ಕಟೆ ಬೇಡಪ್ಪಾ. ಬೋಣಿ ಅಂತ ಇಟ್ಕೋ.”

ಕೇತ ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಕಟ್ಟಿಕೊಂಡ. ಅಷ್ಟರಲ್ಲಿ ಸದ್ದು ಕೇಳಿದ ದನದವರು ಸುತ್ತ ನೆರೆದಿದ್ದರು. ಒಬ್ಬ ತನ್ನ ಎಮ್ಮೆಗೆ ಗಡಸು ದನಿ ಬೇಕೆಂದ. ಇನ್ನೊಬ್ಬಳು ಕರುಗಳಿಗೆ ಕೇಳಿದಳು. ನಿನ್ನ ಅಂಗಡಿ ಎಲ್ಲಿ, ಅಲ್ಲಿಗೇ ಬರುತ್ತೇವೆ ಎಂದರು. ಕೇತ ಅರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಆಲದ ಮರದ ಕಡೆಗೆ ತಿರುಗಿದ.

“ಬರಬೇಡ ಅಂದಿದ್ದೆ,” ಎಂದು ಕರಡಿ ಬೇಸರ ಮಾಡಿಕೊಂಡಿತು. “ಆಯ್ತು, ಹೇಳು. ಯಾಕೆ?”

“ಬಾಳವ್ವನಿಗೆ ಅವಳ ಹಸು ಸಿಕ್ತು. ಮಿಕ್ಕವರು ಕಾಯ್ತಾ ಇದಾರೆ. ದಾರೀಲಿ ಕೂತು ಅಷ್ಟು ಜನರ ಕೆಲಸ ಮಾಡೋಕಾಗಲ್ಲ. ಕುಲುಮೆ ಬೇಕು, ಅವರಿಗೆ ಕೂರೋಕೆ ಜಗಲಿ ಬೇಕು. ಅದಕ್ಕೆ.”

“ದುಡ್ಡು ಬೇಡವಾ?”

“ಬೇಕು. ಇದ್ದಿಲು ಯಾರು ಪುಕ್ಕಟೆ ಕೊಡ್ತಾರೆ? ಬರೀ ದುಡ್ಡಿಗೇ ಅಂತಿದ್ದರೆ ಗಂಟೆ ಯಾಕೆ, ಉಪ್ಪು ಮಾರಬಹುದಿತ್ತು.”

ಕರಡಿ ಸ್ಟೂಲಿನಿಂದ ಎದ್ದು ನಿಂತಿತು. ಮರದ ಪಕ್ಕದಲ್ಲೇ ನೆಲದಿಂದ ಒಂದು ಪುಟ್ಟ ಅಂಗಡಿ ಮೇಲೆ ಬಂತು. ಬೋರ್ಡು ಇರಲಿಲ್ಲ, ಗಾದಿ ಇರಲಿಲ್ಲ. ಒಂದು ಕುಲುಮೆ, ಲೋಹ ಬಡಿಯಲು ಅಡೆಗಲ್ಲು, ಅಗಲವಾದ ಬಾಗಿಲು, ಉದ್ದನೆಯ ಜಗಲಿ. ಅದನ್ನು ನೋಡಿ ಮರದ ಮೇಲಿದ್ದ ಧೂಮಕಾಂತ ಗಾಬರಿಯಾದ. ತನ್ನ ಮಂಜನ್ನೆಲ್ಲ ಬಾಚಿ ಅಂಗಡಿಯ ಸುತ್ತ ಸುರಿದ. ಹೊರಟಿದ್ದ ಗಿರಾಕಿಗಳು ದಾರಿ ತಪ್ಪಿ ಸುತ್ತಿದಲ್ಲೇ ಸುತ್ತಿದರು. ಕೇತ ಬಾಗಿಲಲ್ಲಿ ನಿಂತು ಕೂಗಿದ, ಗಂಟೆ ಬಡಿದ. ಮಂಜು ಸದ್ದನ್ನೂ ನುಂಗಿತು. ಸೂರ್ಯ ಕೆಳಗಿಳಿಯುತ್ತ ಬಂದ. ಕೇತನ ಕಾಲಿನ ಬೆರಳುಗಳು ತಣ್ಣಗಾಗಿ, ಕಂಚಿನ ಬಣ್ಣಕ್ಕೆ ತಿರುಗತೊಡಗಿದವು. ಧೂಮಕಾಂತ ಕೊಂಬೆಯೊಂದಕ್ಕೆ ಹಗ್ಗ ಕಟ್ಟುತ್ತಿದ್ದ.

ಕರಡಿ ಮಾತ್ರ ಕೇತನ ಹತ್ತಿರ ಬಂದು ಮೂಗರಳಿಸಿತು.

“ಹೇಗಿದ್ರೂ ನೇತುಬೀಳ್ತೀಯ. ಸೊಂಟದಲ್ಲಿ ಏನೋ ಬೆಣ್ಣೆ ವಾಸನೆ. ನನಗಾದರೂ ಕೊಡಬಾರದಾ?”

“ಆಗಲ್ಲ ಬಸವಂತ. ಅದು ಬಾಳವ್ವ ಕೊಟ್ಟ ಬೋಣಿ.”

ಬೋಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ಹೇಳಿದವನೂ ಕೇಳಿದವನೂ ಒಟ್ಟಿಗೇ ದೀಪದ ಕಡೆ ನೋಡಿದರು. ಮರುಕ್ಷಣ ಕೇತ ಕಂಚಿನ ಕಾಲುಗಳನ್ನು ಎಳೆದುಕೊಂಡು ದೀಪದ ಕಡೆಗೆ ಓಡಿದ. ಆ ಬೋಣಿ ಅಂಗಡಿಗಿಂತ ಮೊದಲಿನದು, ಲೆಕ್ಕಕ್ಕಿಲ್ಲ ಎಂದು ಧೂಮಕಾಂತ ಅರಚಿದ. ಕರಡಿ ಬಾಗಿಲಿಗೆ ಅಡ್ಡ ನಿಂತಿತು.

“ನಿಯಮ ನನಗೂ ಗೊತ್ತು ಸ್ವಾಮಿ. ಸೂರ್ಯ ಮುಳುಗೋದರೊಳಗೆ ಬೋಣಿ ಆಗಬೇಕು ಅಂತ ಇದೆ. ಅಂಗಡಿ ಮೊದಲೋ ಗಿರಾಕಿ ಮೊದಲೋ, ನೀವು ಹೇಳಿಯೇ ಇಲ್ಲ.”

ಬೆಣ್ಣೆ ದೀಪವನ್ನು ಮುಟ್ಟಿತು. ದೀಪ ಹೊತ್ತಿಕೊಂಡಿತು.

ಮೊದಲು ಜಗಲಿ ಕಂಡಿತು, ಆಮೇಲೆ ದಾರಿ, ಆಮೇಲೆ ದಾರಿಯಲ್ಲಿ ನಿಂತ ಜನ, ಕೊನೆಗೆ ಯಾರೂ ಎಂದೂ ನೋಡಿರದ ಬೆಟ್ಟದ ತುದಿ. ಕೇತನ ಕಾಲುಗಳು ಬೆಚ್ಚಗಾದವು. ಮರದಲ್ಲಿ ನೇತಾಡುತ್ತಿದ್ದ ಗಂಟೆಗಳು ಒಂದೊಂದಾಗಿ ಉದುರಿ ಮನುಷ್ಯರಾಗಿ ಎದ್ದು ನಿಂತು ಮೈ ಮುರಿದವು. ಕರಡಿಯ ಮೈಯ ಕೂದಲೆಲ್ಲ ಉದುರಿ, ಹೊಟ್ಟೆ ಮಾತ್ರ ಹಾಗೇ ಉಳಿದು, ಬಸವಂತನಾಯಿತು. ಧೂಮಕಾಂತ ಕುಗ್ಗಿ ಕುಗ್ಗಿ ಒಂದು ಸೊಟ್ಟ ಗಂಟೆಯಾದ. ಬಾಳವ್ವ ಅವನನ್ನು ಎತ್ತಿಕೊಂಡು ಹೋಗಿ ಕೆಸರು ಕಂಡಲ್ಲೆಲ್ಲ ಹೊರಳುವ ತನ್ನ ತುಂಟ ಎಮ್ಮೆಯ ಕೊರಳಿಗೆ ಕಟ್ಟಿದಳು.

ಮಂಜು ಹೋಯಿತಲ್ಲ, ಇನ್ನು ನಿನ್ನ ಗಂಟೆ ಯಾರಿಗೆ ಬೇಕು ಎಂದು ಬಸವಂತ ಕೆಣಕಿದ. ಕಾಡು ಹೋಗಿಲ್ಲವಲ್ಲ ಎಂದ ಕೇತ, ಅರ ಹುಡುಕುತ್ತ. ಅವನು ಹೇಳಿದ್ದು ನಿಜವಾಯಿತು. ಅಂದಿನಿಂದ ಅವನ ಜಗಲಿ ಖಾಲಿಯಾದದ್ದೇ ಇಲ್ಲ. ಒಂದು ದಿನ ಹಂಪಯ್ಯನೂ ಬಂದು, ಗಂಟಲು ಸರಿಮಾಡಿಕೊಂಡು, ತಾನು ಎರೆದದ್ದನ್ನು ಉಜ್ಜಿಕೊಡಲು ಏನು ತೆಗೆದುಕೊಳ್ಳುತ್ತೀಯೆಂದು ಕೇಳಿದ. ಕೇತ ಬೆಲೆ ಹೇಳಿದ, ಹಂಪಯ್ಯ ಚೌಕಾಸಿ ಮಾಡಿದ, ಇಬ್ಬರೂ ನಕ್ಕರು.

ಛತ್ರಿಯವರಲ್ಲಿ ಮೂವರು ತಮಗೆ ಬರುವ ಬೇರೆ ಕೆಲಸ ಹಿಡಿದರು, ಒಬ್ಬ ನಿಜಕ್ಕೂ ಒಳ್ಳೆಯ ಛತ್ರಿ ಮಾಡಿದ. ಕಂಚಿನಕೋಟೆಯ ಹಸುಗಳು ಹೊಟ್ಟೆ ತುಂಬ ಮೇದವು, ಸಂಜೆಗೆ ತಮ್ಮ ತಮ್ಮ ಕೊಟ್ಟಿಗೆಗೇ ಬಂದವು, ಜನ ನೆಮ್ಮದಿಯಾಗಿ ಉಂಡು ಮಲಗಿದರು. ಬಸವಂತ ಮಾತ್ರ ಹಳೆಯ ಸ್ಟೂಲನ್ನು ಬಿಡಲಿಲ್ಲ. ಅಂಗಡಿ ಇಡಬೇಕೆಂದು ಯಾರಾದರೂ ಉತ್ಸಾಹದಿಂದ ಆ ದಾರಿಯಲ್ಲಿ ಬಂದರೆ, ಯಾರ ಅಪ್ಪಣೆಯೂ ಇಲ್ಲದೆ, ಬೆರಳಿನ ಜೇನು ನೆಕ್ಕುತ್ತ, ಈಗಲೂ ಕೇಳುತ್ತಾನಂತೆ: “ಯಾಕೆ?”