ಎಡಗಾಲಿನ ಮಣ್ಣು

“ಈಗ ಹೋಗ್ಬ್ಯಾಡ ಕಣವ್ವ. ಈ ಹೊತ್ನಾಗೆ ಕೆಳಗಿನ ಕೇರಿಗೆ ನಾಯಿನೂ ಇಳಿಯಾಕಿಲ್ಲ.”

ಮುದುಕಿ ಇಂಕೊರೊನಾತಾ ತನ್ನ ಮನೆಯ ಬಾಗಿಲಿಗೆ ಅಡ್ಡ ನಿಂತೇ ಹೇಳಿದಳು. ಅವಳ ಮನೆಯಲ್ಲಿ ಇಳಿದುಕೊಂಡಿದ್ದ ಕ್ಲೇಲಿಯಾ ನಕ್ಕಳು. ಉತ್ತರದ ಟುರಿನ್ನಿನಿಂದ ಬಂದವರು ನಗುವುದೇ ಹಾಗೆ, ದಕ್ಷಿಣದ ಮೂಲೆಯ ನಾವು ಲುಕಾನಿಯಾದವರು ಏನು ಹೇಳಿದರೂ ಮಕ್ಕಳ ಮಾತು ಕೇಳಿದಂತೆ. ಮಟಮಟ ಮಧ್ಯಾಹ್ನ. ಊಟ ಮುಗಿಸಿ ನಮ್ಮ ಸೆರ್ರಮೂತಾ ಊರಿಗೆ ಊರೇ ಕದ ಹಾಕಿಕೊಂಡಿತ್ತು. ಈ ಹೊತ್ತಿಗೆ ನಾವು ಕೊಂತ್ರೋರಾ ಎನ್ನುತ್ತೇವೆ. ಬೇರೆ ಊರಿನ ದೆವ್ವಗಳು ರಾತ್ರಿ ಓಡಾಡಿದರೆ ನಮ್ಮವು ಬಿಸಿಲಲ್ಲಿ ಓಡಾಡುತ್ತವೆ.

“ಕತ್ತಲಾದ್ರೆ ದೆವ್ವ, ಹಗಲಾದ್ರೂ ದೆವ್ವ. ಮನುಷ್ಯರು ನಡೆಯೋದು ಯಾವಾಗಜ್ಜಿ?”

“ಹೊಟ್ಟೇಲಿ ಐದು ತಿಂಗಳ ಕೂಸು ಇಟ್ಕಂಡು ನಡೀಲೇಬೇಕಾ? ನೋಡು, ಎಷ್ಟು ದುಂಡಗೆ ತುಂಬ್ಕಂಡೈತೆ. ದೇವ್ರು ಚೆನ್ನಾಗಿಟ್ಟಿರ್ಲಿ.”

ಹೇಳುತ್ತಲೇ ಮುದುಕಿ ಆ ಹೊಟ್ಟೆಯನ್ನು ಮುಟ್ಟಿದಳು. ನಮ್ಮಲ್ಲಿ ಹೊಗಳಿದ ಬಾಯಿ ಕೊನೆಗೆ ದೇವರ ಆ ಮಾತನ್ನು ಸೇರಿಸಲೇಬೇಕು. ಬರೀ ಹೊಗಳಿ ಬಿಟ್ಟರೆ ದೃಷ್ಟಿ ತಾಕಿ ಕೂಸು ಬಾಡಿಹೋಗುತ್ತದೆ.

“ಓದಿದೋರೂ ಇದನ್ನೆಲ್ಲ ನಂಬ್ತಾರಾ ಇಲ್ಲಿ?” ಎಂದಳು ಕ್ಲೇಲಿಯಾ.

ಅವಳು ಬಂದದ್ದು ತನ್ನ ವಂಶದ ಹಿರಿಯ ಎರ್ಕೊಲೆ ಬ್ರುನೆಂಗೊನ ದಾರಿ ಹಿಡಿದು. ಇನ್ನೂರು ವರ್ಷಗಳ ಹಿಂದೆ ಇಟಲಿಯನ್ನು ಉದ್ದಕ್ಕೂ ನಡೆದು ನೋಡಲು ಹೊರಟ ಮಹಾಶಯ ಅವನು. ಅವನು ಹೋದ ದಾರಿ ನಮ್ಮೂರಿನವರೆಗೆ ಎಲ್ಲರಿಗೂ ಗೊತ್ತು, ಮುಂದಕ್ಕೆ ಯಾರಿಗೂ ಗೊತ್ತಿಲ್ಲ. ಎರಡು ಬಸಿರು ಉಳಿಯದೆ ಹೋದ ಮೇಲೆ ನಿಂತ ಈ ಕೂಸಿಗೆ ಅವನ ಹೆಸರನ್ನೇ ಇಡಬೇಕೆಂದು ಕ್ಲೇಲಿಯಾಳ ಆಸೆ. ಹೆಸರಿಡುವ ಮೊದಲು ಅವನು ಎಲ್ಲಿ ಸತ್ತನೆಂದು ತಿಳಿಯಬೇಡವೇ?

“ಸತ್ರೆ ತಾನೆ?” ಎಂದಳು ಇಂಕೊರೊನಾತಾ. ಅವಳ ದನಿ ಇಳಿದಿತ್ತು. “ಆವಯ್ಯ ವಿತಾ ಅನ್ನೋಳ ಕೂಸನ್ನ ನೋಡಿ ಎಷ್ಟು ಚೆಂದ ಅಂದ. ಆ ಮಾತೂ ಸೇರ್ಸು ಅಂತ ಅವ್ಳು ಕಾಲು ಹಿಡಿದ್ಲು. ನಾನು ಮೂಢ ಅಲ್ಲ ಅಂದ್ನಂತೆ. ಸಂಜೆಗೆ ಕೂಸು ಹೋಯ್ತು. ಅವ್ನ ಎಡಗಾಲಿನ ಹೆಜ್ಜೇನ ಜೇಡಿಮಣ್ಣಿನ ಸಮೇತ ಕೊಯ್ದು, ರೊಟ್ಟಿ ಒಲೇಲಿ ಸುಟ್ಟು, ಹೊಸ್ತಿಲ ಮುಂದೆ ಹೂತ್ಲು. ಆ ಮಾತು ಹೇಳೋಗಂಟ ನಡೀತಾನೇ ಇರು ಅಂತ ಶಾಪ ಹಾಕಿದ್ಲು. ಅದನ್ನ ತುಳೀಬ್ಯಾಡ.”

“ತುಳಿಯೋಕೇ ಬಂದಿರೋದು,” ಎಂದು ಕ್ಲೇಲಿಯಾ ಮುದುಕಿಯನ್ನು ಮೆಲ್ಲಗೆ ಸರಿಸಿ ಹೊರಟಳು.

ಕೆಳಗಿನ ಕೇರಿಯಲ್ಲಿ ಈಗ ಯಾರೂ ಇಲ್ಲ. ಬಿಳಿ ಜೇಡಿಯ ದಿಬ್ಬಗಳು ಬಿಸಿಲನ್ನು ಮುಖಕ್ಕೆ ಎರಚುತ್ತಿದ್ದವು. ಒಣಗಿದ ಕಾಡುಸೋಂಪಿನ ಘಾಟು, ಮೇಕೆಯ ವಾಸನೆ, ಕಿವಿ ತೂತಾಗುವಂತೆ ಜೀರುಂಡೆಗಳ ಕೂಗು. ಕೊನೆಯ ಮನೆಯ ಹೊಸ್ತಿಲ ಮುಂದೆ ನೆಲದಲ್ಲಿ ಹೂತ ಸುಟ್ಟ ಇಟ್ಟಿಗೆ, ಅದರಲ್ಲೊಂದು ಎಡಗಾಲಿನ ಗುರುತು. ಕ್ಲೇಲಿಯಾ ನಗುತ್ತ ಅದರೊಳಗೆ ಎಡಗಾಲಿಟ್ಟಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಸರಿಹೋಯಿತು.

ಜೀರುಂಡೆಗಳು ಒಮ್ಮೆಲೇ ನಿಂತವು.

ಎಲ್ಲಿಂದಲೋ ಸೀದ ರೊಟ್ಟಿಯ ವಾಸನೆ ಬಂತು. ಅವಳು ತಿರುಗಿ ಮೇಲಿನ ಓಣಿ ಹಿಡಿದಳು. ಓಣಿ ತಿರುಗಿತು, ಅದೇ ಮನೆ ಬಂತು. ಇನ್ನೊಂದು ಓಣಿಯಲ್ಲಿ ಓಡಿದಳು. ಮತ್ತೆ ಅದೇ ಹೊಸ್ತಿಲು. ಈಗ ಬಾಗಿಲು ತೆರೆದಿತ್ತು. ಒಳಗೆ ಕತ್ತಲು. ಕತ್ತಲಲ್ಲಿ ಕರಿಬಟ್ಟೆಯ ಹೆಂಗಸೊಬ್ಬಳು ಖಾಲಿ ತೊಟ್ಟಿಲು ತೂಗುತ್ತಿದ್ದಳು. ಅವಳ ಕಣ್ಣು ಕ್ಲೇಲಿಯಾಳ ಹೊಟ್ಟೆಯ ಮೇಲೆ ನಿಂತಿತು.

“ಎಷ್ಟು ಚೆಂದ ಐತೆ,” ಎಂದಳು ವಿತಾ.

ಅಷ್ಟೇ. ಮುಂದಿನ ಮಾತು ಬರಲಿಲ್ಲ. ಬೆಳಗಿನಿಂದ ಒದೆಯುತ್ತಿದ್ದ ಕೂಸು ಹೊಟ್ಟೆಯೊಳಗೆ ತಟ್ಟನೆ ಸುಮ್ಮನಾಯಿತು.

“ಪೂರ್ತಿ ಹೇಳು!” ಕ್ಲೇಲಿಯಾ ಕಿರುಚಿದಳು.

“ಅವನು ಹೇಳಿದ್ನಾ?”

ಬೆನ್ನ ಹಿಂದೆ ಏನೋ ಎಳೆದುಕೊಂಡು ಬರುವ ಸದ್ದು. ಕ್ಲೇಲಿಯಾ ತಿರುಗಿದಳು. ನಡೆದು ನಡೆದು ಅವನ ಕಾಲುಗಳು ಮೊಣಕಾಲಿನವರೆಗೂ ಸವೆದಿದ್ದವು. ಮೈಯೆಲ್ಲ ಬಿಳಿ ಧೂಳು. ಮೂಗು ಮಾತ್ರ ಅವಳ ಅಪ್ಪನದೇ.

“ಅಜ್ಜ, ಹೇಳು! ಒಂದೇ ಒಂದು ಮಾತು! ನನ್ನ ಮಗು ಸಾಯ್ತಿದೆ!”

ಎರ್ಕೊಲೆ ಬಾಯಿ ತೆರೆದ. ಮಣ್ಣು ಉದುರಿತು. “ನಾನು ಮೂಢನಲ್ಲ.”

ಇನ್ನೂರು ವರ್ಷ ಸವೆದರೂ ಹಟ ಸವೆದಿರಲಿಲ್ಲ. ಕ್ಲೇಲಿಯಾಳಿಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟಿನಿಂದ ಮೈಯೆಲ್ಲ ಉರಿದುಹೋಯಿತು.

“ನಿನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ! ನಿನ್ನ ಹೆಜ್ಜೇಲಿ ನಿಂತೋಳು ನಾನು. ನಿನ್ನ ಬದ್ಲು ನಾನೇ ಹೇಳ್ತೀನಿ.”

ಬೂಟು ಕಿತ್ತೆಸೆದಳು. ಬರಿಗಾಲನ್ನು ಇಟ್ಟಿಗೆಯ ಮೇಲಿಟ್ಟಳು. ಅದು ಉರಿಯುವ ಒಲೆಯಾಗಿತ್ತು. ಚರ್ಮ ಚುರುಗುಟ್ಟಿತು. ಕಾಲು ತೆಗೆಯಲಿಲ್ಲ. ಹಲ್ಲು ಕಚ್ಚಿದಳು. ತೊಟ್ಟಿಲ ಕಡೆಗೆ ಬಾಗಿದಳು.

“ಎಷ್ಟು ಚೆಂದ ನಿನ್ನ ಕೂಸು. ದೇವರು ಚೆನ್ನಾಗಿಟ್ಟಿರಲಿ.”

ಹಿಂದೆ ಎರ್ಕೊಲೆ ನಿಂತಿದ್ದಲ್ಲಿ ಮಣ್ಣಿನ ಗುಡ್ಡೆ ಕುಸಿದ ಸದ್ದಾಯಿತು. ತೊಟ್ಟಿಲು ನಿಂತಿತು.

“ಈಗ ನಿನ್ನ ಸರದಿ,” ಎಂದಳು ಕ್ಲೇಲಿಯಾ. ಕಾಲು ಇನ್ನೂ ಸುಡುತ್ತಿತ್ತು. “ಬೇಡ್ಕೊಳ್ತಿಲ್ಲ ನಾನು. ನನಗೆ ಬರಬೇಕಾದ್ದನ್ನ ಕೇಳ್ತಿದ್ದೀನಿ. ಹೇಳು!”

ವಿತಾ ತೊಟ್ಟಿಲಿನಿಂದ ಕೈ ತೆಗೆದಳು. “ಹೇಳ್ತೀನಿ. ಎಡಗಾಲಿನ ಹೆಜ್ಜೆ ನಂಗಿರ್ಲಿ.”

“ಇಟ್ಕೋ! ಬೇಗ ಹೇಳು!”

ಯಾರ ಹೆಜ್ಜೆ ಎಂದು ಅವಳು ಕೇಳಲಿಲ್ಲ. ವಿತಾ ಆ ಮಾತು ಹೇಳಿದಳು. ಕೂಸು ಒದೆಯಿತು.

ಬಿಸಿಲು ಇಳಿದ ಮೇಲೆ ಇಂಕೊರೊನಾತಾ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹೋದಳು. ಕ್ಲೇಲಿಯಾ ಆ ಹೊಸ್ತಿಲಲ್ಲಿ ಸುಟ್ಟ ಕಾಲು ಚಾಚಿ, ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಮುದುಕಿ ಬಾಯಿಗೆ ಬಂದಂತೆ ಬೈಯುತ್ತ ಆಲಿವ್ ಎಣ್ಣೆ ಸವರಿದಳು. ಹುಟ್ಟಿದ ಗಂಡುಮಗುವಿಗೆ ಎರ್ಕೊಲೆ ಎಂದು ಹೆಸರಿಡಲಿಲ್ಲ, ವಿತೊ ಎಂದು ಇಟ್ಟರು.

ವಿತೊ ನಡೆಯಲು ಕಲಿತ ಬೇಸಿಗೆಯಲ್ಲಿ ಕ್ಲೇಲಿಯಾ ಅವನನ್ನು ನಮ್ಮ ಕಡಲ ದಂಡೆಗೆ ಕರೆತಂದಳು. ಒದ್ದೆ ಮರಳಿನ ಮೇಲೆ ಅವನು ಕುಲುಕುತ್ತ ಓಡಿದ. ಹಿಂದೆ ಕುಂಟುತ್ತ ಬಂದ ಕ್ಲೇಲಿಯಾ ಮರಳು ನೋಡಿ ನಿಂತುಬಿಟ್ಟಳು. ಅವಳ ಎರಡು ಕಾಲೂ ಗುರುತು ಬಿಟ್ಟಿದ್ದವು. ಮಗುವಿನದು ಬಲಗಾಲಿನದೇ ಗುರುತು, ಉದ್ದಕ್ಕೂ ಬಲಗಾಲಿನದೊಂದೇ. ಕೆಳಗಿನ ಕೇರಿಯ ಇಟ್ಟಿಗೆಯಲ್ಲಿ ದೊಡ್ಡ ಹೆಜ್ಜೆಯೊಳಗೆ ಈಗ ಪುಟ್ಟದೊಂದು ಮೂಡಿದೆ ಎಂದು ಅವಳಿಗೆ ಹೇಳಲು ನಮಗ್ಯಾರಿಗೂ ಧೈರ್ಯ ಬಂದಿರಲಿಲ್ಲ.

ಮಿಲಾನಿನ ಹೆಂಗಸೊಬ್ಬಳು ಛತ್ರಿಯ ಕೆಳಗಿನಿಂದ ಕೂಗಿದಳು. “ಅಯ್ಯೋ, ಎಷ್ಟು ಚೆಂದ ನಡೀತಾನೆ!”

ಕ್ಲೇಲಿಯಾ ಹೋಗಿ ಅವಳ ಮಣಿಕಟ್ಟು ಹಿಡಿದಳು. “ಪೂರ್ತಿ ಹೇಳಿ. ದೇವರು ಚೆನ್ನಾಗಿಟ್ಟಿರಲಿ ಅನ್ನಿ.”

ಹೆಂಗಸು ನಕ್ಕಳು. “ಓದಿದೋರ ಹಾಗೆ ಕಾಣ್ತೀರಿ. ನೀವೂ ಇದನ್ನೆಲ್ಲ ನಂಬ್ತೀರಾ?”

ಕ್ಲೇಲಿಯಾ ಹಿಡಿತ ಬಿಗಿ ಮಾಡಿದಳು. “ನಂಬೋದು ಬಿಡೋದು ಆಮೇಲೆ. ಮೊದ್ಲು ಹೇಳಿ.”