ಏಳು ರಾತ್ರಿಗೆ ಒಂದು ಕೋಣೆ

ಫೋನ್ ಎತ್ತಿದಾಗ ಆ ಕಡೆಯಿಂದ ಮೊದಲು ಕೇಳಿಸಿದ್ದು ನಾಯಿಗಳ ಊಳು. ಆಮೇಲೆ ಒಂದು ಗಂಡು ದನಿ, ಗುರುತಿಲ್ಲದವರ ಜೊತೆ ಆಡುವಷ್ಟು ಮರ್ಯಾದೆಯಿಂದ, "ನಿಮ್ಮ ಲಾಡ್ಜಲ್ಲಿ ಒಂದು ಕೋಣೆ ಸಿಗುತ್ತಾ? ಏಳು ರಾತ್ರಿಗೆ ಬೇಕಿತ್ತು" ಎಂದಿತು.

ತಬಿತಾಳಿಗೆ ಹೆಸರು ಕೇಳುವ ಅಗತ್ಯವಿರಲಿಲ್ಲ. ಎದೆ ಆಗಲೇ ಹೆಸರು ಹೇಳಿಬಿಟ್ಟಿತ್ತು. ಆದರೂ ಲಾಡ್ಜ್ ನೋಡಿಕೊಳ್ಳುವವಳು ಕೇಳಬೇಕಾದ್ದನ್ನು ಕೇಳಲೇಬೇಕಲ್ಲ, ಕೇಳಿದಳು.

"ಎನೋಕ್," ಎಂದ. "ತಾಸಿಯುಸಾಕ್‌ನವನು."

ಎರಡು ವರ್ಷದ ಕೆಳಗೆ ಇದೇ ಬಾಯಿ ಅವಳನ್ನು 'ತಬೀ' ಎಂದು ಕರೆಯುತ್ತಿತ್ತು. ಈಗ ಅವಳು ಯಾರೆಂದು ಕೇಳಲೂ ಇಲ್ಲ. ಮಾರ್ಚ್ ಮೂರನೆಯ ಶುಕ್ರವಾರ ಹೆಪ್ಪುಗಟ್ಟಿದ ಕಡಲ ಮೇಲೆ ನಾಯಿಬಂಡಿಯಲ್ಲಿ ಬರುತ್ತೇನೆ, ಹನ್ನೊಂದು ನಾಯಿಗಳಿವೆ, ಕಟ್ಟುವುದಕ್ಕೆ ಜಾಗ ಬೇಕು ಎಂದ. ಅವರ ಹಳ್ಳಿಯ ಪ್ರಾರ್ಥನಾಮಂದಿರದಲ್ಲಿ ಭಾನುವಾರದ ವಚನ ಓದುತ್ತಿದ್ದ ಮುದುಕರಿಗೆ ಕೈಲಾಗದೆ ಹೋಗಿ, ಆ ಕೆಲಸ ಎನೋಕನ ಹೆಗಲಿಗೆ ಬಂದಿತ್ತು. ತಬಿತಾ ಇರುವ ಪಟ್ಟಣದ ಪಾದ್ರಿಗಳು ಒಂದು ವಾರ ಕೂರಿಸಿಕೊಂಡು ಕಲಿಸುತ್ತಾರಂತೆ. ತಬಿತಾ ಪೆನ್ಸಿಲಿನಲ್ಲಿ ಬರೆದುಕೊಂಡಳು. ಅಕ್ಷರಗಳು ಓರೆಕೋರೆಯಾದವು.

ಫೋನ್ ಇಟ್ಟ ಮೇಲೆ ಅವಳು ಅಡುಗೆಮನೆಯ ಕಿಟಕಿಯ ಬಳಿ ಹೋಗಿ ನಿಂತಳು. ಅಲ್ಲಿಂದ ನೇರ ಕಾಣುವುದು ಬೆನಿಗ್ನೆಯ ಹಳದಿ ಮನೆ. ಬೆನಿಗ್ನೆ ಎಂದರೆ ಎನೋಕನ ಸ್ವಂತ ಚಿಕ್ಕಮ್ಮ. ಉತ್ತರದ ಹಿಮಕಡಲ ದಂಡೆಯ ಉಪೆರ್ನವಿಕ್‌ನಂಥ ಊರಲ್ಲಿ, ನೆಂಟರ ಮನೆ ಇರುವಾಗ ದುಡ್ಡು ಕೊಟ್ಟು ಲಾಡ್ಜಿನಲ್ಲಿ ಮಲಗುವ ಗಂಡಸು ಇನ್ನೂ ಹುಟ್ಟಿಲ್ಲ. ನೆಲದ ಮೇಲೆ ಎಂಟು ಜನ ಮಲಗಿದ್ದರೂ ಒಂಬತ್ತನೆಯವನಿಗೆ ಜಾಗವಾಗುತ್ತದೆ. ಲಾಡ್ಜು ಇರುವುದು ಪರದೇಶಿಗಳಿಗೆ, ಲೆಕ್ಕ ಪರೀಕ್ಷೆಗೆ ಬರುವ ಅಧಿಕಾರಿಗಳಿಗೆ. ಅಂಥದ್ದರಲ್ಲಿ ಎನೋಕ್ ಕೋಣೆ ಕೇಳಿದನೆಂದರೆ, ನಾನು ನಿನಗೆ ಪರದೇಶಿ ಎಂದು ಹೇಳುತ್ತಿದ್ದಾನೆ. ಹೇಳಲಿ. ಹೇಳಿಸಿಕೊಳ್ಳುವಂಥದ್ದನ್ನೇ ತಾನು ಮಾಡಿದ್ದು.

ಆಗಿದ್ದು ಇಷ್ಟು. ತಬಿತಾ ಡೆನ್ಮಾರ್ಕಿನಲ್ಲಿ ಓದು ಮುಗಿಸಿ ತನ್ನೂರಿಗೆ ಮರಳಿ ಬಂದು ಈ ಲಾಡ್ಜಿನ ಕೆಲಸ ಹಿಡಿದ ಹೊಸತು. ಹಳೆಯ ಎಣ್ಣೆ ಗೋದಾಮಿಗೆ ಬಣ್ಣ ಹೊಡೆದು ಮಾಡಿದ ಐದು ಕೋಣೆ, ಎಲ್ಲರಿಗೂ ಒಂದೇ ಒಲೆ, ಒಂದೇ ಬಚ್ಚಲು. ಆ ಬೇಸಿಗೆ ಒಂದು ಮನೆಯ ಹುಟ್ಟುಹಬ್ಬದ ಕಾಫಿಗೆ ಅವಳು ಕೇಕ್ ಮಾಡಿಕೊಟ್ಟಿದ್ದಳು. ಕಾಫಿಗೆ ಬಂದವರು ಕುಡಿದು, ತಿಂದು, ಹಿಂದೆ ಬಂದವರಿಗೆ ಜಾಗ ಬಿಟ್ಟು ಏಳಬೇಕು. ಎನೋಕ್ ಏಳಲೇ ಇಲ್ಲ. ತಬಿತಾ ಇನ್ನೊಂದು ತುಂಡು ಬೇಕಾ ಎಂದು ತಟ್ಟೆ ಚಾಚಿದಾಗಲೆಲ್ಲ ಮಾತಿಲ್ಲದೆ ಎರಡೂ ಹುಬ್ಬು ಮೇಲೆತ್ತುತ್ತಿದ್ದ. ಈ ಸೀಮೆಯವರಿಗೆ ಹೌದು ಎನ್ನಲು ಅಷ್ಟು ಸಾಕು, ಇಲ್ಲ ಎನ್ನಲು ಮೂಗು ಸುಕ್ಕಿಸಿದರೆ ಸಾಕು. ಐದು ತುಂಡಾಯಿತು. ಪ್ರತಿ ತುಂಡಿಗೂ ಹುಬ್ಬಿನ ಕೆಳಗಿನ ಕಣ್ಣು ಅವಳ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು. ಮನೆಯೊಡತಿ, ಈ ಗಂಡಿಗೆ ಹೊಟ್ಟೆಯಲ್ಲಿ ಹಸಿವಾ ಕಣ್ಣಲ್ಲಿ ಹಸಿವಾ ಎಂದು ಎಲ್ಲರೆದುರು ಕೇಳಿದ್ದಳು.

ಆ ಶರತ್ಕಾಲದಲ್ಲಿ ಎನೋಕ್ ಒಂದು ನಾರ್ವಾಲ್ ತಿಮಿಂಗಿಲ ಹೊಡೆದ. ಅಲ್ಲಿಯವರು ಆಸೆಪಟ್ಟು ತಿನ್ನುವ ಅದರ ತೊಗಲಿನ ಒಳ್ಳೆಯ ಪಾಲು, ಬಾಲದ ಹತ್ತಿರದ್ದು, ಚಿಕ್ಕಮ್ಮನ ಕೈಯಲ್ಲಿ ತಬಿತಾಳಿಗೆ ಕಳಿಸಿದ. ನೆಂಟಳಲ್ಲದ ಹೆಣ್ಣಿಗೆ ಮೊದಲ ಪಾಲು ಕಳಿಸಿದರೆ ಏನರ್ಥ ಎಂದು ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವತ್ತು ಲಾಡ್ಜಿನಲ್ಲಿ ನಾಲ್ವರು ಪ್ರವಾಸಿಗಳಿದ್ದರು. ಬೆನಿಗ್ನೆ ರಕ್ತ ತೊಟ್ಟಿಕ್ಕುವ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅವರಲ್ಲೊಬ್ಬಳು ಮೂಗಿಗೆ ಕೈಯಿಟ್ಟಳು. ತಬಿತಾ ನಕ್ಕಳು. ನಕ್ಕು ಡೇನಿಷ್ ಭಾಷೆಯಲ್ಲಿ, ಇದೆಲ್ಲ ನಾವು ತಿನ್ನುವಂಥದ್ದಲ್ಲ, ತಗೊಂಡು ಹೋಗಿ ಎಂದಳು. ಬೆನಿಗ್ನೆ ಚೀಲ ಎತ್ತಿಕೊಂಡಳು. ಮೆಟ್ಟಿಲ ಕೆಳಗೆ, ಟೋಪಿ ಕೈಯಲ್ಲಿ ಹಿಡಿದು, ಎನೋಕ್ ನಿಂತಿದ್ದ. ಅವನಿಗೆ ಡೇನಿಷ್ ಚೆನ್ನಾಗಿ ಬರುತ್ತದೆ.

ಮಾಂಸದ ಪಾಲು ಹಿಂದಕ್ಕೆ ಕಳಿಸುವುದೆಂದರೆ ಈ ಸೀಮೆಯವರಿಗೆ ದೇವರ ಕೈಯನ್ನು ತಳ್ಳಿದ ಹಾಗೆ. ಸಮುದ್ರ ಕೊಟ್ಟದ್ದನ್ನು ಬೇಡ ಎನ್ನಲು ನೀನು ಯಾರು? ಅಂದಿನಿಂದ ಎರಡು ವರ್ಷ ತಬಿತಾ ತಲೆ ತಗ್ಗಿಸಿಯೇ ಓಡಾಡಿದಳು. ಊರು ಏನನ್ನಾದರೂ ಅಂದಿದ್ದರೆ ಹಗುರವಾಗುತ್ತಿತ್ತೋ ಏನೋ. ಊರಿಗೆ ಗೊತ್ತೇ ಇರಲಿಲ್ಲ. ಬೆನಿಗ್ನೆ ಯಾರಿಗೂ ಹೇಳಿರಲಿಲ್ಲ. ಪ್ರತಿ ಭಾನುವಾರ ಇಗರ್ಜಿಯಲ್ಲಿ ಕೈಕುಲುಕಿ, ಚೆನ್ನಾಗಿದ್ದೀಯಾ ಮಗಳೇ ಎನ್ನುತ್ತಿದ್ದಳು. ಆ 'ಮಗಳೇ' ಎಂಬ ಮಾತು ತಬಿತಾಳ ಎದೆಯೊಳಗೆ ಮುರಿದ ಸೂಜಿಯ ಹಾಗೆ ಉಳಿದುಹೋಗಿತ್ತು.

ಎರಡನೆಯ ಸಲ ಫೋನ್ ಬಂದದ್ದು ನಾಲ್ಕು ದಿನ ಬಿಟ್ಟು. ಹೊದಿಕೆ ಅಲ್ಲಿಯೇ ಕೊಡುತ್ತೀರಾ, ತಾನೇ ತರಬೇಕಾ ಎಂದು ಕೇಳಿದ. ಕೊಡುತ್ತೇವೆ ಎಂದಳು. ಕಿಟಕಿ ಯಾವ ಕಡೆ ಇದೆ ಎಂದು ಕೇಳಿದ. ನಾಯಿ ಕಟ್ಟುವ ಜಾಗ ಕಾಣುವ ಕೋಣೆಯನ್ನೇ ಇಡುತ್ತೇನೆ ಎಂದಳು. ಬೆಳಿಗ್ಗೆ ಬಿಸಿಲು ಬೀಳುತ್ತಾ ಎಂದ. ಒಂಬತ್ತಕ್ಕೆ ದಿಂಬಿನ ಮೇಲೆ ಬೀಳುತ್ತದೆ ಎಂದಳು, ಹೇಳಿದ ಮೇಲೆ ದಿಂಬಿನ ಮಾತು ಯಾಕಾದರೂ ಎತ್ತಿದೆನೋ ಎಂದು ಕಿವಿ ಕೆಂಪಾಯಿತು.

"ಇನ್ನೊಂದು ಕೇಳ್ಬೇಕಿತ್ತು," ಎಂದ ಎನೋಕ್, ಅದೇ ಮರ್ಯಾದೆಯ ದನಿಯಲ್ಲಿ. "ನಿಮ್ಮ ಅಡುಗೆಮನೇಲಿ ಸೀಲ್ ಮಾಂಸ ಬೇಯಿಸೋಕೆ ಬಿಡ್ತೀರಾ? ವಾಸನೆ ಬರುತ್ತೆ. ಬೇರೆಯವರಿಗೆ ತೊಂದರೆ ಆಗ್ಬಾರ್ದು ನೋಡಿ."

ಬೇಯಿಸಬಹುದು ಎಂದು ಹೇಗೋ ಅಂದಳು. ಒಲೆಯ ಮೇಲುಗಡೆ, ಗಾಢ ವಾಸನೆಯ ಅಡುಗೆ ಮಾಡಬಾರದು ಎಂಬ ಕಾಗದ ತೂಗುತ್ತಿತ್ತು, ಅವಳದೇ ಕೈಬರಹ. ಫೋನ್ ಇಟ್ಟವಳೇ ಅದನ್ನು ಕಿತ್ತು ಒಲೆಗೆ ಹಾಕಿದಳು. ಕಾಗದ ಸುಡುವುದಕ್ಕೆ ಒಂದು ಗಳಿಗೆ. ಬರೆದ ಕೈಯನ್ನು ಎಲ್ಲಿ ಹಾಕುವುದು?

ಮರುದಿನ ಬೆನಿಗ್ನೆಯೇ ಬಂದಳು. ಬೂಟು ಬಿಚ್ಚಿ, ಬೆಂಚಿನ ಮೇಲೆ ಕೂತು, ಕಾಫಿ ಬರುವ ತನಕ ಹೆಣಿಗೆ ಹೆಣೆದಳು. ಆಮೇಲೆ ಕೇಳಿದಳು.

"ನನ್ನಕ್ಕನ ಮಗ ನಿನ್ನ ಹತ್ರ ಕೋಣೆ ಹಿಡಿದಿದ್ದಾನಂತೆ. ನಾನು ಸತ್ತುಹೋದೆ ಅಂತ ಯಾರಾದ್ರೂ ಅವನಿಗೆ ಹೇಳಿದ್ರಾ?"

ಬೇಕಾದರೆ ಬುಕಿಂಗ್ ರದ್ದು ಮಾಡುತ್ತೇನೆ ಎಂದಳು ತಬಿತಾ. ಬೆನಿಗ್ನೆ ಕಣ್ಣು ಎತ್ತದೆ ಮೂಗು ಸುಕ್ಕಿಸಿದಳು. ಬೇಡ, ಬರಲಿ, ಅವನು ಯಾಕೆ ಬರುತ್ತಾನೆ ಅಂತ ನನಗೆ ಗೊತ್ತು, ನಿನಗೆ ಗೊತ್ತಿಲ್ಲದಿದ್ದರೆ ನೀನು ಓದಿದ್ದು ದಂಡ ಎಂದಳು. ತಬಿತಾ ಅವಳ ಕಾಲ ಬಳಿ ಕೂತು, ಅವತ್ತಿನದಕ್ಕೆ ಕ್ಷಮೆ ಕೇಳಲು ಬಾಯಿ ತೆರೆದಳು. ಮುದುಕಿ ಹೆಣಿಗೆಕಡ್ಡಿಯಿಂದ ಅವಳ ಮಣಿಕಟ್ಟು ಮೆಲ್ಲಗೆ ತಟ್ಟಿದಳು.

"ನಂಗೆ ಹೇಳ್ಬೇಡ. ನಾನು ಬರೀ ಚೀಲ ಹೊತ್ತವಳು."

ಆ ಮಾತು ಹಿಡಿದುಕೊಂಡೇ ತಬಿತಾ ಮೂರನೆಯ ಫೋನಿಗೆ ಕಾದಳು. ಪ್ರಾರ್ಥನೆಯಲ್ಲಿ ಬೇರೇನನ್ನೂ ಬೇಡಲಿಲ್ಲ, ನಾಲಿಗೆಗೆ ಧೈರ್ಯ ಕೊಡು ಎಂದಷ್ಟೇ ಬೇಡಿದಳು. ಫೋನ್ ಬಂತು. ಹಿಮ ಗಟ್ಟಿಯಿದೆ, ಹೇಳಿದ ದಿನವೇ ಬರುತ್ತೇನೆ, ಕೋಣೆಗೆ ಬೀಗದ ಕೈ ಇದೆಯಾ ಎಂದ. ಅವಳು ಬೀಗದ ಕೈಗೆ ಉತ್ತರ ಕೊಡಲಿಲ್ಲ.

"ಎನೋಕ್," ಎಂದಳು. "ನಿಂಗೆ ನನ್ನ ಮೇಲೆ ಇನ್ನೂ ಕೋಪ ಇದೆಯಾ?"

ಆ ಕಡೆ ಏನೂ ಕೇಳಿಸಲಿಲ್ಲ. ನಾಯಿ ಬೊಗಳಿತು. ಎಲ್ಲೋ ಬಾಗಿಲು ಮುಚ್ಚಿತು. ಅವಳು ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು. ಅವನ ಉಸಿರು ಕೇಳಿಸುತ್ತಿತ್ತು, ಮಾತು ಬರಲಿಲ್ಲ. ಇಲ್ಲ ಎನ್ನುವ ಒಂದು ಪದಕ್ಕೂ ತಾನು ಯೋಗ್ಯಳಲ್ಲ ಎಂದು ಅರ್ಥವಾಯಿತು. ಫೋನ್ ಕೆಳಗಿಟ್ಟಳು. ಅದು ಮತ್ತೆ ಹೊಡೆದುಕೊಳ್ಳಲಿಲ್ಲ.

ಆದರೂ ಕೋಣೆಯನ್ನು ಸಿದ್ಧ ಮಾಡದೆ ಇರಲಾಗಲಿಲ್ಲ. ಮಂಚವನ್ನು ಬಿಸಿಲಿಗೆ ಸರಿಸಿದಳು, ಮತ್ತೆ ಹಿಂದಕ್ಕೆ ತಳ್ಳಿದಳು. ಹೊದಿಕೆಗೆ ಎರಡು ಸಲ ಇಸ್ತ್ರಿ ಹಾಕಿದಳು. ಮೇಜಿನ ಮೇಲೆ ಬೈಬಲ್ ಇಟ್ಟಳು, ಪಾಠಕ್ಕೆ ಬರುವವನು ತನ್ನದನ್ನು ತಾನೇ ತರುತ್ತಾನೆ ಎಂದು ತೆಗೆದಳು. ದುಡ್ಡು ಬೇಡ ಎಂದುಬಿಡಲೇ ಎನಿಸಿತು. ದುಡ್ಡು ಬೇಡ ಎನ್ನುವ ಹಕ್ಕು ಅವನ ಸ್ವಂತದವರದು. ಆ ಹಕ್ಕನ್ನು ಅವಳು ನಾಲ್ವರು ಪ್ರವಾಸಿಗಳೆದುರು ನಕ್ಕು ಕಳೆದುಕೊಂಡಿದ್ದಳು.

ಶುಕ್ರವಾರ ಮಧ್ಯಾಹ್ನ ಎನೋಕ್ ಬಂದ. ಹಿಮದ ಬಿಸಿಲಿಗೆ ಮುಖ ಸುಟ್ಟು ಕಪ್ಪಾಗಿತ್ತು, ಕನ್ನಡಕವಿದ್ದ ಕಡೆ ಮಾತ್ರ ಬಿಳಿ ಉಂಗುರ. ಆ ಬಿಳುಪಿನೊಳಗಿನ ಕಣ್ಣು ಅವಳನ್ನು ಮುಟ್ಟಿತು, ತಟ್ಟನೆ ಗೋಡೆಗೆ ಹಾರಿತು, ಮತ್ತೆ ತಡೆಯಲಾರದೆ ಬಂದು ಅವಳ ಕೈಬೆರಳ ಮೇಲೆ ಕೂತಿತು. ಬೆನಿಗ್ನೆ ಆಗಲೇ ಬೆಂಚಿನ ಮೇಲಿದ್ದಳು, ಯಾರೂ ಕರೆಯದಿದ್ದರೂ.

ಅವನು ಬೂಟಿನ ದಾರಕ್ಕೆ ಕೈಹಾಕಿದ. ತಬಿತಾ ತಡೆದಳು. ಒಳಗೆ ಬರುವ ಮುಂಚೆ ನನ್ನ ಮಾತು ಕೇಳು, ಕೇಳಿದ ಮೇಲೆ ವಾಪಸು ಹೋಗಬೇಕೆನಿಸಿದರೆ ಹೋಗು ಎಂದಳು. ಅವನು ಬಗ್ಗಿದವನು ಹಾಗೆಯೇ ನಿಂತ.

"ಅವತ್ತು ನಕ್ಕೆನಲ್ಲ, ಅದು ಮಾಂಸ ನೋಡಿ ಅಲ್ಲ. ಚೀಲ ನೋಡಿದ ತಕ್ಷಣ ನನ್ನ ಬಾಯಲ್ಲಿ ನೀರೂರಿತ್ತು. ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಅಂತ ಗೊತ್ತಾಗಿ ಎರಡೂ ಕೈ ಚಾಚಬೇಕು ಅನ್ನಿಸಿತ್ತು. ಅದೆಲ್ಲ ಆ ಪ್ರವಾಸಿಗಳಿಗೆ ಕಂಡುಬಿಡುತ್ತೆ ಅಂತ ನಕ್ಕೆ. ನಿನ್ನನ್ನ ಅಲ್ಲ, ನನ್ನನ್ನೇ ಬಚ್ಚಿಟ್ಟುಕೊಂಡೆ. ನಿಂಗೆ ಕೋಪ ಹೋಗಿಲ್ಲ ಅಂತ ಗೊತ್ತು. ಫೋನಲ್ಲಿ ಕೇಳಿದೆ, ನೀನು ಉತ್ತರ ಕೊಡ್ಲಿಲ್ಲ."

ಎನೋಕ್ ನೆಟ್ಟಗಾದ. ಅವನ ಮುಖದಲ್ಲಿ ಏನೂ ತಿಳಿಯದವನ ಗಲಿಬಿಲಿ.

"ಕೊಟ್ಟೆನಲ್ಲ," ಎಂದ.

"ಯಾವಾಗ?"

"ಆಗಲೇ. ನೀನು ಕೇಳಿದ ಕೂಡ್ಲೇ." ಹೇಳುತ್ತ ಹೇಳುತ್ತ ಅವನು ಮೂಗು ಸುಕ್ಕಿಸಿ ತೋರಿಸಿದ. ಕೋಪ ಇಲ್ಲ.

ಬೆಂಚಿನ ಮೇಲೆ ಹೆಣಿಗೆಕಡ್ಡಿ ನಿಂತಿತು.

"ಫೋನಿನ ಒಳಗೆ ಮೂಗು ಸುಕ್ಕಿಸಿದೆಯೇನೋ?" ಎಂದಳು ಬೆನಿಗ್ನೆ.

ಎನೋಕನ ಸುಟ್ಟ ಮುಖಕ್ಕೂ ಕೆಂಪು ಏರಬಲ್ಲದು ಎಂದು ಆಗ ತಿಳಿಯಿತು. ಅವನು ಟೋಪಿಯನ್ನು ತಿರುಗಿಸಿದ, ತಿರುಚಿದ. ನೀನು ಎದುರಿಗೆ ಇದ್ದ ಹಾಗೇ ಇತ್ತು, ತಬೀ, ಎಂದ ತಗ್ಗಿದ ದನಿಯಲ್ಲಿ. ಅಷ್ಟು ಹೊತ್ತು ಉತ್ತರ ಕೊಟ್ಟುಕೊಂಡೇ ನಿಂತಿದ್ದೆ. ನೀನು ಫೋನ್ ಇಟ್ಟೆ. ಕೋಪ ಇಲ್ಲ ಅಂದ ಮೇಲೂ ಇಟ್ಟಳಲ್ಲ, ಇವಳಿಗೆ ಬೇಕಿದ್ದದ್ದು ಅಷ್ಟೇ, ಮನಸ್ಸಿನ ಭಾರ ಇಳಿಸಿಕೊಂಡಳು, ನಾನು ಬೇಕಿಲ್ಲ ಎಂದುಕೊಂಡು ದಾರಿಯಲ್ಲಿ ಎರಡು ಸಲ ನಾಯಿಗಳನ್ನು ಹಿಂದಕ್ಕೆ ತಿರುಗಿಸಿದೆ ಎಂದ.

ಬೆನಿಗ್ನೆ ಮುಖಕ್ಕೆ ಹೆಣಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು, ಅಳುವೋ ನಗುವೋ ಹೇಳಲಾಗದು. ತಬಿತಾಳಿಗೆ ನಗು ಬರಲಿಲ್ಲ. ಹಾಗಾದರೆ ಕೋಣೆ ಯಾಕೆ ಹಿಡಿದೆ, ಸೀಲ್ ಮಾಂಸದ ಮಾತು ಯಾಕೆ ಕೇಳಿದೆ ಎಂದಳು.

"ಮಾಂಸದ ಮಾತು ಕೇಳಿದ್ದು ತಪ್ಪು. ಚುಚ್ಚಬೇಕು ಅಂತಲೇ ಕೇಳಿದೆ, ಆಮೇಲೆ ಎರಡು ದಿನ ನಿದ್ದೆ ಬರ್ಲಿಲ್ಲ," ಎಂದ. "ಕೋಣೆ ಹಿಡಿದದ್ದು ಬೇರೆ ದಾರಿ ಇಲ್ಲದೆ. ಚಿಕ್ಕಮ್ಮನ ಮನೆಗೆ ಬಂದ್ರೆ ನೀನು ನನ್ನ ಕಂಡು ಬೀದಿ ಬದಲಿಸ್ತಿದ್ದೆ. ದುಡ್ಡು ಕೊಟ್ಟು ಬಂದವನಿಗೆ ಬಾಗಿಲು ತೆಗೀಲೇಬೇಕಲ್ಲ." ಒಂದು ಹೆಜ್ಜೆ ಹತ್ತಿರ ಬಂದ. "ಹೊತ್ತು ತರೋಕೆ ಅವತ್ತು ನಂಗೇ ಧೈರ್ಯ ಇರ್ಲಿಲ್ಲ, ಚಿಕ್ಕಮ್ಮನ್ನ ಕಳಿಸಿದೆ. ಈ ಸಲ ನಾನೇ ಬಂದಿದ್ದೀನಿ. ಬೇಡ ಅನ್ನೋದಿದ್ರೆ ನನಗೇ ಅನ್ನು."

ತಬಿತಾ ಉತ್ತರವನ್ನು ಹುಬ್ಬಿಗೆ ಬಿಡಲಿಲ್ಲ, ಮೂಗಿಗೂ ಬಿಡಲಿಲ್ಲ. ನೀನು ಬೇಕು ಎಂದು ಬಾಯಿಬಿಟ್ಟು, ಹಿರಿಯಳ ಎದುರಿಗೆ, ಸ್ಪಷ್ಟವಾಗಿ ಹೇಳಿದಳು. ಹೇಳಿ ಮುಗಿಸಿ ಗೋಡೆಗೆ ಕೈಯೂರಿದಳು. ಅವನ ಕೈ ಗೋಡೆಯ ಮೇಲೆ ಅವಳ ಕೈಯ ಪಕ್ಕದಲ್ಲೇ ಬಂದು ಕೂತಿತು, ಕಿರುಬೆರಳಿಗೆ ಕಿರುಬೆರಳು ತಾಗುವಷ್ಟು.

ಬೆನಿಗ್ನೆ ಎದ್ದು ಬೂಟು ಹಾಕಿಕೊಂಡಳು. ಸರಿ, ಹಾಗಾದರೆ ಇವನು ಇಲ್ಲಿ ಮಲಗುವ ಹಾಗಿಲ್ಲ ಎಂದಳು. ಮದುವೆಗೆ ಕೇಳಿದ ಹೆಣ್ಣಿನ ಹತ್ತಿರ ಬಾಡಿಗೆ ಕೊಟ್ಟು ಇರುವವನನ್ನು ಪಾದ್ರಿಗಳು ಪೀಠ ಹತ್ತಿಸುತ್ತಾರಾ? ಏಳು ರಾತ್ರಿಯೂ ನನ್ನ ಮನೆಯ ನೆಲ. ತಬಿತಾ, ನೀನೂ ಊಟಕ್ಕೆ ಬಾ.

ಅಷ್ಟು ದಿನ ಅಳೆದು ಸುರಿದು ಸಿದ್ಧ ಮಾಡಿದ ಕೋಣೆಯನ್ನು ಅವನು ಬಾಗಿಲಲ್ಲಿ ನಿಂತು ಒಂದು ಸಲ ನೋಡಿದ. ದಿಂಬನ್ನು ನೋಡಿದ, ಅವಳನ್ನು ನೋಡಿದ, ತಿರುಗಿದ.

ಮೂವರೂ ಹಗಲು ಬೆಳಕಿನಲ್ಲಿ ಇಳಿಜಾರು ಹಿಡಿದು ಹೊರಟರು, ತಬಿತಾಳ ತೋಳಲ್ಲಿ ಅವನ ಮಲಗುವ ತುಪ್ಪಳದ ಹಾಸು. ಅದನ್ನು ಅವಳೇ ಕೇಳಿ ಇಸಿದುಕೊಂಡಿದ್ದಳು. ಕಿಟಕಿಗಳಲ್ಲಿ ಮುಖಗಳು ಮೂಡಿದವು. ಒಬ್ಬ ಮುದುಕ ಕಿಟಕಿ ತೆರೆದು, ಏನಪ್ಪಾ ಎನೋಕ್, ಲಾಡ್ಜಿನ ಹಾಸಿಗೆ ಸರಿ ಹೋಗಲಿಲ್ಲವಾ ಎಂದು ಕೂಗಿ ಕೇಳಿದ.

"ಹಾಸಿಗೆ ಚೆನ್ನಾಗೇ ಇದೆ ಅಜ್ಜಾ," ಎಂದ ಎನೋಕ್. "ಲಾಡ್ಜಿನವಳು ನನ್ನ ಜೊತೆ ಹೊರಟುಬಂದ್ಲು. ನಾನೊಬ್ಬನೇ ಅಲ್ಲಿದ್ದು ಏನ್ ಮಾಡ್ಲಿ?"

ತಬಿತಾಳ ಮುಖ ಉರಿಯಿತು. ಕಣ್ಣು ಹಳೆಯ ರೂಢಿಯಂತೆ ಹಿಮದ ಕಡೆಗೆ ಇಳಿಯಿತು. ಅವಳು ಅದನ್ನು ಬಲವಂತದಿಂದ ಮೇಲಕ್ಕೆತ್ತಿದಳು, ಆ ಮುದುಕನ ಕಿಟಕಿಗೆ, ಅದರಾಚೆಯ ಕಿಟಕಿಗೆ, ಊರಿನ ಒಂದೊಂದು ಕಿಟಕಿಗೂ, ಕಂಡುಕೊಳ್ಳಲಿ ಎಂದು.